ಗುಣಮಟ್ಟ ಪರೀಕ್ಷೆಗೆ ತೆಗೆದ ಸ್ಯಾಂಪಲ್‌ಗೆ ಎಕ್ಸೈಸ್ ಡ್ಯೂಟಿ ಯಾವ ಹಂತದಲ್ಲಿ ಬೀಳುತ್ತದೆ?

ಶಿಫ್ಟ್_ಲೆಕ್ಕ ಕೇಳಿದ್ದು:

ಸಿಗರೇಟು ತಯಾರಿಸುವ ಕಾರ್ಖಾನೆಯ ಎಕ್ಸೈಸ್ ಲೆಕ್ಕದ ಪ್ರಶ್ನೆ ಇದು. ನಮ್ಮ ಕ್ಯೂಸಿ (ಗುಣಮಟ್ಟ ನಿಯಂತ್ರಣ) ವಿಭಾಗ ನಾಲ್ಕು ಕಡೆ ಸ್ಯಾಂಪಲ್ ತೆಗೆಯುತ್ತದೆ.

ಮೊದಲನೆಯದು, ಮೇಕಿಂಗ್ ಯಂತ್ರದ ಬಾಯಲ್ಲಿ. ಅರ್ಧ ಗಂಟೆಗೊಮ್ಮೆ ಯಂತ್ರಕ್ಕೆ 20 ಸಿಗರೇಟಿನಂತೆ ತೆಗೆದು ತೂಕ, ಸುತ್ತಳತೆ, ಎಳೆತದ ಒತ್ತಡ ನೋಡುತ್ತಾರೆ. ಇದರಲ್ಲಿ ಸಿಗರೇಟು ಹಾಳಾಗುವುದಿಲ್ಲ, ಆದರೆ ಮತ್ತೆ ಲೈನಿಗೆ ಹಾಕುವುದೂ ಇಲ್ಲ. ಸೀಳುವ ಯಂತ್ರಕ್ಕೆ ಕಳಿಸಿ ತಂಬಾಕು ಬಿಡಿಸಿಕೊಳ್ಳುತ್ತಾರೆ. ಎರಡನೆಯದು ಲ್ಯಾಬಿಗೆ, ಸ್ಮೋಕಿಂಗ್ ಯಂತ್ರದಲ್ಲಿ ಸುಟ್ಟು ಟಾರ್, ನಿಕೋಟಿನ್ ಅಳೆಯಲು. ಮೂರನೆಯದು ಪ್ಯಾಕ್ ಆದ ಮೇಲೆ ಪ್ಯಾಕೆಟ್ ಒಡೆದು ಮುದ್ರಣ, ಸೀಲು ನೋಡಲು. ನಾಲ್ಕನೆಯದು ದೂರು ಬಂದರೆ ಹೋಲಿಸಿ ನೋಡಲಿಕ್ಕೆಂದು ಬ್ರ್ಯಾಂಡಿಗೆ ಶಿಫ್ಟಿಗೆ ಎರಡು ಪ್ಯಾಕೆಟ್‌ನಂತೆ 12 ತಿಂಗಳು ಕಪಾಟಿನಲ್ಲಿ ಇಡುವುದು.

ಈಗ ಡ್ಯೂಟಿ ಕಟ್ಟುತ್ತಿರುವುದು ಮೂರನೆಯದಕ್ಕೆ ಮಾತ್ರ. ಮೊದಲ ಎರಡು ಆರ್‌ಜಿ-1ಕ್ಕೆ, ಅಂದರೆ ತಯಾರಾದ ಮಾಲಿನ ದಿನದ ದಾಸ್ತಾನು ಪುಸ್ತಕಕ್ಕೆ, ಏರುವ ಮೊದಲೇ ತೆಗೆದವು, ಹಾಗಾಗಿ ಡ್ಯೂಟಿ ಇಲ್ಲ ಅಂತ ಹಿಂದಿನಿಂದ ನಡೆದುಬಂದಿದೆ. ಆಡಿಟ್‌ನವರು ಇದನ್ನೇ ಹಿಡಿದಿದ್ದಾರೆ. ನಾಲ್ಕನೆಯದರ ಬಗ್ಗೆಯೂ ಕೇಳಿದ್ದಾರೆ. ಯಾವುದಕ್ಕೆ ಕಟ್ಟಬೇಕು, ಯಾವುದಕ್ಕೆ ಬೇಡ? ಎಂಟ್ರಿ ಹೇಗೆ ಹಾಕಬೇಕು? ಕಾರ್ಖಾನೆಯ ಗೇಟು ದಾಟದ ಮಾಲು ಇದು, ಅದನ್ನೂ ಗಮನದಲ್ಲಿಟ್ಟುಕೊಂಡು ಹೇಳಿ.

---

ಆರ್‌ಜಿ_ಒನ್ ಉತ್ತರ:

ಗೇಟು ದಾಟಿತೋ ಇಲ್ಲವೋ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. 1944ರ ಕೇಂದ್ರ ಅಬಕಾರಿ ಸುಂಕ ಕಾಯ್ದೆಯ ಕಲಂ 3ರ ಪ್ರಕಾರ ಸುಂಕ ಹುಟ್ಟುವುದು ತಯಾರಿಕೆಯಲ್ಲಿ. ವಸೂಲಿ ಮಾತ್ರ ತೆರವಿನ, ಅಂದರೆ ಮಾಲನ್ನು ಬಳಕೆಗೆ ಅಥವಾ ಹೊರಗೆ ಬಿಡುವ, ಹೊತ್ತಿಗೆ. ಆ ತೆರವು ಯಾವಾಗ ಆಯಿತು ಅನ್ನುವುದಕ್ಕೆ 2002ರ ಕೇಂದ್ರ ಅಬಕಾರಿ ನಿಯಮಗಳ 5(3) ನೋಡಿ. ಮಾಲನ್ನು ಕಾರ್ಖಾನೆಯ ಒಳಗೇ ಬಳಸಿದರೆ, ಆ ಬಳಕೆಗೆ ಮಾಲು ಕೊಟ್ಟ ದಿನವೇ ತೆರವಿನ ದಿನ. 2017ರ ಜುಲೈನಿಂದ ಜಾರಿಗೆ ಬಂದ ಹೊಸ ನಿಯಮಾವಳಿಯಲ್ಲೂ ಸಾರ ಇದೇ. ಲ್ಯಾಬು ನಿಮ್ಮ ಕಾಂಪೌಂಡಿನೊಳಗೇ ಇದೆ ಅನ್ನುವುದು ಉಪಯೋಗಕ್ಕೆ ಬರದ ವಾದ.

ಆರ್‌ಜಿ-1 ಏರುವ ಮೊದಲೇ ತೆಗೆದದ್ದು ಅನ್ನುವ ನಿಮ್ಮ ಎರಡನೇ ವಾದವನ್ನು ಇದೇ ಉದ್ಯಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿ ಬಹಳ ವರ್ಷ ಆಯಿತು. ಐಟಿಸಿ ವಿರುದ್ಧ ಪಟ್ನಾ ಕಲೆಕ್ಟರ್ ಪ್ರಕರಣ, 2003ರ ಇಎಲ್‌ಟಿ (ಎಕ್ಸೈಸ್ ತೀರ್ಪುಗಳ ವರದಿ) ಸಂಪುಟ 151, ಪುಟ 246. ಸ್ಟಿಕ್ ಆದ ಕೂಡಲೇ ಸಿಗರೇಟು ಪೂರ್ಣ ತಯಾರಾದ ಮಾಲು. ಪ್ಯಾಕಿಂಗ್ ಮಾರಾಟಕ್ಕೆ ಬೇಕಾದದ್ದು, ಸಿಗರೇಟು ಸಿಗರೇಟಾಗಲು ಬೇಕಾದದ್ದಲ್ಲ. ಕಾರ್ಖಾನೆಯ ಒಳಗೇ ಪರೀಕ್ಷೆಗೆ ತೆಗೆದ ಸಿಗರೇಟಿಗೂ ಡ್ಯೂಟಿ ಉಂಟು. ಆರ್‌ಜಿ-1 ಅನ್ನುವುದು ಲೆಕ್ಕದ ಪುಸ್ತಕ, ಅಷ್ಟೇ. ಪುಸ್ತಕಕ್ಕೆ ಯಾವಾಗ ಏರಿಸುತ್ತೀರಿ ಅನ್ನುವುದರ ಮೇಲೆ ಸುಂಕದ ಹೊಣೆ ನಿಲ್ಲುವುದಿಲ್ಲ.

ಹಾಗಾಗಿ ಲ್ಯಾಬಿನಲ್ಲಿ ಸುಡುವುದಕ್ಕೆ ಡ್ಯೂಟಿ ಕಟ್ಟಲೇಬೇಕು, ಅದರಲ್ಲಿ ಚರ್ಚೆ ಬೇಡ. ಪ್ಯಾಕೆಟ್ ಒಡೆಯುವುದಕ್ಕೆ ಕಟ್ಟುತ್ತಿದ್ದೀರಿ, ಸರಿ. ಮೇಕಿಂಗ್ ಯಂತ್ರದ ಬಾಯಿಯ ಸ್ಯಾಂಪಲ್ ಬಗ್ಗೆ ಸ್ವಲ್ಪ ವಾದಕ್ಕೆ ಜಾಗ ಇದೆ, ಅದನ್ನು ಬೇರೆಯಾಗಿ ಹೇಳಬೇಕು. ಕಪಾಟಿನಲ್ಲಿ ಇಟ್ಟದ್ದಕ್ಕೆ ಇಟ್ಟಷ್ಟು ದಿನ ಡ್ಯೂಟಿ ಇಲ್ಲ.

ಇನ್ನೊಂದು ಮಾತು. 1995ರ ಮಾರ್ಚ್ 16ರ 67/95 ಅಧಿಸೂಚನೆ, ಅಂದರೆ ಕ್ಯಾಪ್ಟಿವ್ (ಕಾರ್ಖಾನೆಯೊಳಗಿನ ಸ್ವಂತ) ಬಳಕೆಯ ವಿನಾಯಿತಿ, ಇದಕ್ಕೆ ಸಿಗುತ್ತದಾ ಅಂತ ಎಲ್ಲರೂ ಒಮ್ಮೆ ನೋಡುತ್ತಾರೆ. ಅಂತಿಮ ಉತ್ಪನ್ನದ ತಯಾರಿಕೆಯಲ್ಲಿ ಬಳಸಿದ ಇನ್‌ಪುಟ್‌ಗೆ ಆ ವಿನಾಯಿತಿ. ಸುಟ್ಟ ಸಿಗರೇಟು ಇನ್ನೊಂದು ಸಿಗರೇಟಿನೊಳಗೆ ಹೋಗುವುದಿಲ್ಲವಲ್ಲ. ಸಿಗುವುದಿಲ್ಲ.

ಎಂಟ್ರಿಯ ವಿಷಯ. ಸಿಗರೇಟಿಗೆ ಬೇರೆ ಸರಕಿನಂತೆ ಬರೀ ಸ್ವಯಂ ನಿರ್ಧಾರ ಅಲ್ಲ. ನಿಯಮ 6ರ ಪ್ರೊವಿಸೋ (ವಿಶೇಷ ಷರತ್ತು) ಪ್ರಕಾರ ತೆರವಿಗೆ ಮೊದಲು ಸೂಪರಿಂಟೆಂಡೆಂಟ್ ಅಥವಾ ಇನ್‌ಸ್ಪೆಕ್ಟರ್ ಸುಂಕ ನಿರ್ಧರಿಸಬೇಕು, ಇನ್‌ವಾಯ್ಸ್ ಮೇಲೆ ಅವರ ಸಹಿಯೂ ಬೀಳಬೇಕು. ಅರ್ಧ ಗಂಟೆಗೊಮ್ಮೆ ಅವರನ್ನು ಕರೆಯಲಾಗುವುದಿಲ್ಲ. ಆದ್ದರಿಂದ ಅಂದಾಜು ಪ್ರಮಾಣವನ್ನು ಶಿಫ್ಟ್ ಆರಂಭದಲ್ಲೇ ನಿಗದಿ ಮಾಡಿ, ಬ್ರ್ಯಾಂಡ್‌ವಾರು ಇಶ್ಯೂ ಸ್ಲಿಪ್ ಬರೆದು, ದಿನಕ್ಕೊಂದು ಇನ್‌ವಾಯ್ಸ್ ಮಾಡುವ ಪದ್ಧತಿಯನ್ನು ರೇಂಜ್ ಕಚೇರಿಗೆ ಬರೆದು ತಿಳಿಸಿ, ಅವರ ಉತ್ತರ ಫೈಲಿನಲ್ಲಿ ಇಟ್ಟುಕೊಳ್ಳಿ. ಆ ಪತ್ರಕ್ಕೆ ಮುಂದೆ ಬೆಲೆ ಬರುತ್ತದೆ.

ಸ್ಲಿಪ್ಪಿನಲ್ಲಿ ಬ್ರ್ಯಾಂಡ್, ಉದ್ದದ ವರ್ಗ, ಯಂತ್ರದ ನಂಬರು, ಗಂಟೆ, ಸಂಖ್ಯೆ, ಯಾವ ಪರೀಕ್ಷೆಗೆ ಅನ್ನುವುದು ಇರಲಿ. ಉದ್ದದ ವರ್ಗ ಬಿಟ್ಟರೆ ಇಡೀ ಲೆಕ್ಕ ಕೆಟ್ಟಂತೆ. ಸಿಗರೇಟಿನ ಡ್ಯೂಟಿ ಬೆಲೆಯ ಮೇಲಲ್ಲ, ಸಾವಿರ ಸಿಗರೇಟಿಗೆ ಇಂತಿಷ್ಟು ಅಂತ. ಆ ದರ ಫಿಲ್ಟರ್ ಇದೆಯೋ ಇಲ್ಲವೋ, ಉದ್ದ ಎಷ್ಟು ಮಿಲಿಮೀಟರ್ ಅನ್ನುವುದರ ಮೇಲೆ ಬದಲಾಗುತ್ತದೆ. ಮೂಲ ಸುಂಕ, ಎನ್‌ಸಿಸಿಡಿ (ರಾಷ್ಟ್ರೀಯ ವಿಪತ್ತು ನಿಧಿಯ ಸುಂಕ) ಎರಡನ್ನೂ ಬೇರೆಬೇರೆ ಸಾಲಿನಲ್ಲಿ ತೋರಿಸಿ. ಒಂದೇ ಸಮಾಧಾನ ಅಂದರೆ ಮೌಲ್ಯಮಾಪನದ ತಲೆನೋವು ನಿಮಗಿಲ್ಲ.

ದಿನದ ದಾಸ್ತಾನು ಪುಸ್ತಕದಲ್ಲಿ ಸ್ಯಾಂಪಲ್ಲನ್ನು ಮೊದಲು ಉತ್ಪಾದನೆಯ ಕಾಲಮ್ಮಿಗೆ ಏರಿಸಿ, ಆಮೇಲೆ ತೆರವಿನ ಕಾಲಮ್ಮಿನಲ್ಲಿ ಇಳಿಸಿ. ಬಹಳ ಕಡೆ ನೇರ ತೆರವು ಮಾತ್ರ ಬರೆಯುತ್ತಾರೆ. ಆಗ ಉತ್ಪಾದನೆ ಕಡಿಮೆ ತೋರಿ ತಂಬಾಕಿನ ಬಳಕೆಯ ಅನುಪಾತ ಹೊಂದುವುದಿಲ್ಲ, ಅದು ಇನ್ನೊಂದು ಪ್ರಶ್ನೆಗೆ ದಾರಿ. ಪುಸ್ತಕ, ಸ್ಲಿಪ್ಪು ಎಲ್ಲ ಆರ್ಥಿಕ ವರ್ಷ ಮುಗಿದ ಮೇಲೂ ಐದು ವರ್ಷ ಇಡಬೇಕು. ಪಾವತಿ ಮುಂದಿನ ತಿಂಗಳ 6ರೊಳಗೆ ಆನ್‌ಲೈನಿನಲ್ಲಿ. ಮಾರ್ಚ್ ತಿಂಗಳದ್ದು ಮಾತ್ರ 31ರೊಳಗೇ ಕಟ್ಟಬೇಕು.

---

ಲ್ಯಾಬ್_ಕಡೆಯಿಂದ ಉತ್ತರ:

ಆರ್‌ಜಿ_ಒನ್ ಅವರು ಹೇಳಿದ್ದು ಕಾನೂನಿನ ಕಡೆಯಿಂದ ಸರಿ. ಆದರೆ ಎಕ್ಸೈಸ್ ವಿಭಾಗದ ಸಂಖ್ಯೆಗೂ ಲ್ಯಾಬ್ ರಿಜಿಸ್ಟರಿನ ಸಂಖ್ಯೆಗೂ ತಾಳೆ ಬೀಳದಿರುವುದು ಈ ವಿಷಯದಲ್ಲಿ ಮಾಮೂಲಿ. ಅದಕ್ಕೆ ಕಾರಣ ಲ್ಯಾಬಿನ ಕೆಲಸದ ರೀತಿಯಲ್ಲೇ ಇದೆ.

ಸುಡುವ ಮೊದಲು ಸಿಗರೇಟನ್ನು ಹದ ಮಾಡಬೇಕು. ಐಎಸ್‌ಒ 3402 ಪ್ರಕಾರ 22 ಡಿಗ್ರಿ ಸೆಲ್ಸಿಯಸ್, 60 ಶೇಕಡಾ ಆರ್ದ್ರತೆಯಲ್ಲಿ ಕನಿಷ್ಠ 48 ಗಂಟೆ. ಅಂದರೆ ಸೋಮವಾರ ತೆಗೆದದ್ದು ಬುಧವಾರಕ್ಕಿಂತ ಮೊದಲು ಸುಡುವುದಿಲ್ಲ. ಲ್ಯಾಬ್ ರಿಜಿಸ್ಟರಿನಲ್ಲಿ ಬರೆಯುವುದು ಸುಟ್ಟ ದಿನ. ಡ್ಯೂಟಿ ಬೀಳುವುದು ಕೊಟ್ಟ ದಿನ. ತಿಂಗಳ ಕೊನೆಯ ಎರಡು ದಿನದ ಸ್ಯಾಂಪಲ್ ಯಾವಾಗಲೂ ಎರಡು ತಿಂಗಳಿಗೆ ಹಂಚಿಹೋಗುತ್ತದೆ. ಬಜೆಟ್ ಹೊತ್ತಿನಲ್ಲಿ ದರ ಬದಲಾದರೆ ಈ ಎರಡು ದಿನದ ಅಂತರ ನೇರ ಹಣದ ಅಂತರ. ಕೊಟ್ಟ ದಿನದ ದರವೇ ಅನ್ವಯ. ಆದ್ದರಿಂದ ಲ್ಯಾಬ್ ರಿಜಿಸ್ಟರಿನಲ್ಲಿ ಸುಟ್ಟ ದಿನದ ಪಕ್ಕದಲ್ಲೇ ಇಶ್ಯೂ ಸ್ಲಿಪ್ಪಿನ ನಂಬರು, ದಿನಾಂಕಕ್ಕೆ ಒಂದು ಕಾಲಮ್ಮು ಇರಲೇಬೇಕು.

ಎರಡನೆಯದು, ತೆಗೆದಷ್ಟನ್ನೂ ಸುಡುವುದಿಲ್ಲ. ಹದವಾದ ಸಿಗರೇಟುಗಳಲ್ಲಿ ಸರಾಸರಿ ತೂಕ, ಸರಾಸರಿ ಎಳೆತದ ಒತ್ತಡಕ್ಕೆ ಹತ್ತಿರ ಇರುವುದನ್ನು ಮಾತ್ರ ಆರಿಸುತ್ತಾರೆ. 20 ಬಾಯಿಯ ಸಾಲು ಯಂತ್ರದಲ್ಲಿ, 44 ಮಿಮೀ ಫಿಲ್ಟರ್ ಪ್ಯಾಡ್ ಆದರೆ ಬಾಯಿಗೆ ಐದರಂತೆ ಒಂದು ಓಟಕ್ಕೆ 100 ಸಿಗರೇಟು. ಆ 100 ಆರಿಸಲು 200 ತರಿಸಿಕೊಂಡಿರುತ್ತಾರೆ. ಯಂತ್ರದ ರಿಪೋರ್ಟಿನಲ್ಲಿ 100 ಮಾತ್ರ ಕಾಣುತ್ತದೆ. ಎಕ್ಸೈಸ್ ವಿಭಾಗ ಅದೇ ರಿಪೋರ್ಟು ನೋಡಿ 100ಕ್ಕೆ ಡ್ಯೂಟಿ ಕಟ್ಟಿದರೆ, ಆಡಿಟ್‌ನವರು ಸ್ಯಾಂಪಲಿಂಗ್ ಎಸ್‌ಒಪಿ (ಲಿಖಿತ ಕಾರ್ಯವಿಧಾನ) ತೆರೆದು ಉಳಿದ 100 ಎಲ್ಲಿ ಅಂತ ಕೇಳುತ್ತಾರೆ. ಕೇಳಬೇಕಾದದ್ದೇ.

ನಡುವೆ ಆರಿದ್ದು, ಬೂದಿ ಉದುರಿ ಓಟ ರದ್ದಾದದ್ದು ಇದ್ದೇ ಇರುತ್ತದೆ. ನಿಮಿಷಕ್ಕೊಂದು ಎಳೆತ, ಎರಡು ಸೆಕೆಂಡು, 35 ಮಿಲಿಲೀಟರ್ ಅನ್ನುವ ಐಎಸ್‌ಒ 3308 ಕ್ರಮದಲ್ಲಿ ನಡುವೆ ಕೆಟ್ಟರೆ ಆ ಬಾಯಿಯ ಫಲಿತಾಂಶ ಬಿಟ್ಟು ಹೊಸದಾಗಿ ಸುಡಬೇಕು. ಮತ್ತೆ ತರಿಸಿದ್ದಕ್ಕೂ ಸ್ಲಿಪ್ಪು ಬೇಕು. ರಾತ್ರಿ ಶಿಫ್ಟಿನಲ್ಲಿ ಫೋನ್ ಮಾಡಿ ತರಿಸಿಕೊಂಡ 20 ಸಿಗರೇಟು ಲೆಕ್ಕ ತಪ್ಪುವುದು ಇಲ್ಲೇ.

---

ಶಿಫ್ಟ್_ಲೆಕ್ಕ ಬರೆದದ್ದು:

ಇಬ್ಬರಿಗೂ ಧನ್ಯವಾದ. ಸುಡುವ ಸ್ಯಾಂಪಲ್ ಸ್ಪಷ್ಟವಾಯಿತು. ಮೇಕಿಂಗ್ ಯಂತ್ರದ ಬಾಯಿಯದ್ದು ಸಂಖ್ಯೆಯಲ್ಲಿ ಅದಕ್ಕಿಂತ ಎಷ್ಟೋ ದೊಡ್ಡದು, ನಿಜವಾದ ತಲೆಬಿಸಿ ಅದೇ. ಆಡಿಟ್‌ನವರ ಲೆಕ್ಕ ಹೀಗಿದೆ: 6 ಯಂತ್ರ, ಎಂಟು ಗಂಟೆಯ ಶಿಫ್ಟಿಗೆ 16 ಬಾರಿ, ಪ್ರತಿ ಬಾರಿ 20. ಶಿಫ್ಟಿಗೆ 1,920, ಮೂರು ಶಿಫ್ಟಿಗೆ 5,760, ತಿಂಗಳಿಗೆ 25 ದಿನ ಹಿಡಿದು 1,44,000. ಇದನ್ನು ಹಿಂದಿನ ವರ್ಷಗಳಿಗೆಲ್ಲ ಗುಣಿಸಿದ್ದಾರೆ. ಸೀಳಿ ವಾಪಸು ಹಾಕಿದ್ದಕ್ಕೂ ಕಟ್ಟಬೇಕಾ?

---

ಆರ್‌ಜಿ_ಒನ್ ಉತ್ತರ:

ಮೊದಲು ಅವರ ಗುಣಾಕಾರ ನೋಡಿ. 16 ಬಾರಿ ಅನ್ನುವುದು ಯಂತ್ರ ಎಂಟು ಗಂಟೆಯೂ ನಿಲ್ಲದೆ ಓಡಿದರೆ. ಬ್ರ್ಯಾಂಡ್ ಬದಲಾವಣೆ, ಕಾಗದದ ರೋಲ್ ತುಂಡಾದದ್ದು, ಚಾಕು ಬದಲಿಸಿದ್ದು, ಊಟದ ಬಿಡುವು, ಇದೆಲ್ಲ ಯಂತ್ರದ ಓಟದ ಲಾಗಿನಲ್ಲಿ ನಿಮಿಷದ ಲೆಕ್ಕದಲ್ಲಿ ಇರುತ್ತದೆ. ನಿಂತ ಯಂತ್ರದಿಂದ ಸ್ಯಾಂಪಲ್ ಬರುವುದಿಲ್ಲ. ಯಂತ್ರದ ಲಾಗು, ಕ್ಯೂಸಿ ಚೆಕ್‌ಶೀಟು ಎರಡನ್ನೂ ಒಂದೊಂದು ಶಿಫ್ಟಿಗೆ ಹೊಂದಿಸಿ ಪಟ್ಟಿ ಮಾಡಿ ಕೊಡಿ. ಎಸ್‌ಒಪಿಯಲ್ಲಿ ಬರೆದದ್ದು ನಡೆದದ್ದಕ್ಕೆ ಸಾಕ್ಷಿಯಲ್ಲ. ಆದರೆ ನಡೆದದ್ದಕ್ಕೆ ನಿಮ್ಮ ಬಳಿ ಬೇರೆ ಸಾಕ್ಷಿ ಇಲ್ಲದಿದ್ದರೆ ಎಸ್‌ಒಪಿಯೇ ನಿಲ್ಲುತ್ತದೆ.

ಇನ್ನು ತತ್ವದ ಪ್ರಶ್ನೆ. ಐಟಿಸಿ ತೀರ್ಪನ್ನು ಕಟ್ಟುನಿಟ್ಟಾಗಿ ಓದಿದರೆ ಪೂರ್ಣ ತಯಾರಾದ ಸಿಗರೇಟನ್ನು ಪರೀಕ್ಷೆಗೆ ಕೊಟ್ಟದ್ದೇ ತೆರವು, ಆಮೇಲೆ ಅದನ್ನು ಸುಟ್ಟರೇನು ಸೀಳಿದರೇನು. ಇಲಾಖೆ ಹೀಗೇ ಓದುತ್ತದೆ. ಇನ್ನೊಂದು ಕಡೆಯ ವಾದ ಹೀಗೆ: ಲೈನಿನ ಪಕ್ಕದಲ್ಲೇ ನಡೆದ ತೂಕದ ಪರೀಕ್ಷೆ ಯಂತ್ರವನ್ನು ಸರಿಪಡಿಸಲು ಮಾಡಿದ್ದು. ತೂಕ ಏರಿದರೆ ಆಪರೇಟರ್ ಆಗಲೇ ಯಂತ್ರ ತಿರುಗಿಸುತ್ತಾನೆ. ಆ ಸಿಗರೇಟು ಬಳಕೆಯಾಗಲಿಲ್ಲ, ರಿಜೆಕ್ಟ್ ಜೊತೆ ಸೇರಿ ತಂಬಾಕಾಗಿ ಮತ್ತೆ ತಯಾರಿಕೆಗೇ ಹೋಯಿತು. ರಿಜೆಕ್ಟ್ ಆದ ಸ್ಟಿಕ್ ಸೀಳುವುದಕ್ಕೆ ಡ್ಯೂಟಿ ಕೇಳದವರು ಇದಕ್ಕೆ ಹೇಗೆ ಕೇಳುತ್ತೀರಿ ಅಂತ. ನನ್ನ ಅಭಿಪ್ರಾಯದಲ್ಲಿ ಇದು ಹೋರಾಡಬಹುದಾದ ವಾದವೇ. ಆದರೆ ದಾಖಲೆ ಇಲ್ಲದೆ ಒಂದು ನಿಮಿಷವೂ ನಿಲ್ಲದು.

ದಾಖಲೆ ಅಂದರೆ ತೂಕ. ನಿಮ್ಮ ಬ್ರ್ಯಾಂಡಿನಲ್ಲಿ ಸಿಗರೇಟಿಗೆ 0.65 ಗ್ರಾಂ ತಂಬಾಕು ಎಂದಿಟ್ಟುಕೊಳ್ಳಿ. ದಿನಕ್ಕೆ 5,000 ಸ್ಯಾಂಪಲ್ ಸೀಳಿದರೆ 3.25 ಕಿಲೋ ಹತ್ತಿರ ತಂಬಾಕು ಬರಬೇಕು, ಪುಡಿಯಾಗಿ ಹೋದದ್ದು ಕಳೆದು. ಆ ತೂಕವನ್ನು ಸ್ಯಾಂಪಲ್‌ನದ್ದು ಅಂತ ರಿಜೆಕ್ಟ್‌ನಿಂದ ಬೇರೆಯಾಗಿ ತೂಗಿ ಬರೆದಿದ್ದರೆ ಮಾತು ಮುಂದುವರಿಯುತ್ತದೆ. ಎರಡನ್ನೂ ಒಂದೇ ಡಬ್ಬಿಗೆ ಸುರಿದಿದ್ದರೆ ಯಾವುದು ಸೀಳಿದ ಸ್ಯಾಂಪಲ್, ಯಾವುದು ಜೇಬಿಗೆ ಹೋದದ್ದು ಅಂತ ಯಾರು ಹೇಳಬೇಕು? ಸಿಗರೇಟಿನ ವಿಷಯದಲ್ಲಿ ಇಲಾಖೆಯ ಅನುಮಾನ ಎಲ್ಲ ಇರುವುದು ಅಲ್ಲೇ.

ಇಂದಿನಿಂದಾದರೂ ಸ್ಯಾಂಪಲ್‌ಗೆ ಬೇರೆ ಬಣ್ಣದ ಟ್ರೇ, ಶಿಫ್ಟ್ ಮುಗಿದಾಗ ಎಣಿಕೆ, ಸೀಳಿದ ಮೇಲೆ ತೂಕ, ಇಬ್ಬರ ಸಹಿ, ಇಷ್ಟು ಶುರು ಮಾಡಿ. ಅಥವಾ ಪರೀಕ್ಷೆಯಾದ ಸಿಗರೇಟು ಚೆನ್ನಾಗಿಯೇ ಇದ್ದರೆ ಅಲ್ಲೇ ಲೈನಿನ ಟ್ರೇಗೆ ವಾಪಸು ಹಾಕುವ ಪದ್ಧತಿಗೆ ಕ್ಯೂಸಿ ಒಪ್ಪುತ್ತದಾ ಕೇಳಿ. ತೂಕ, ಸುತ್ತಳತೆ, ಒತ್ತಡ ನೋಡುವ ಯಂತ್ರ ಸಿಗರೇಟಿಗೆ ಏನೂ ಮಾಡುವುದಿಲ್ಲ. ಹಲವು ಕಡೆ ಇದಕ್ಕೆ ಅಡ್ಡಿ ಇರುವುದು ಅಭ್ಯಾಸ ಮಾತ್ರ.

---

ಯಂತ್ರ_ಬಿಡಿಭಾಗ ಉತ್ತರ:

ಒಂದು ತಿದ್ದುಪಡಿ ಅಲ್ಲ, ಸೇರಿಕೆ. ಪರೀಕ್ಷೆ ತಯಾರಿಕೆಯ ಭಾಗವಲ್ಲ ಅಂತ ಎಲ್ಲ ಸರಕಿಗೂ ಹೇಳಬೇಡಿ. ಫ್ಲೆಕ್ಸ್ ಎಂಜಿನಿಯರಿಂಗ್ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಬೇರೆ. ಗಿರಾಕಿಯ ಆರ್ಡರಿಗೆ ತಕ್ಕಂತೆ ಮಾಡಿದ ಪ್ಯಾಕಿಂಗ್ ಯಂತ್ರವನ್ನು ಆ ಗಿರಾಕಿ ಬಳಸುವ ಫಿಲ್ಮ್ ಹಾಕಿ ಓಡಿಸಿ ನೋಡುವವರೆಗೂ ಅದು ಮಾರುಕಟ್ಟೆಗೆ ಸಿದ್ಧವಲ್ಲ. ಹಾಗಾಗಿ ಆ ಪರೀಕ್ಷೆ ತಯಾರಿಕೆಯ ಜೊತೆ ಬಿಡಿಸಲಾಗದಂತೆ ಹೆಣೆದುಕೊಂಡಿದೆ, ಪರೀಕ್ಷೆಯಲ್ಲಿ ಖರ್ಚಾದ ಫಿಲ್ಮ್‌ಗೆ ಮಾಡ್ವ್ಯಾಟ್ ಕ್ರೆಡಿಟ್, ಅಂದರೆ ಅದರ ಮೇಲೆ ಕಟ್ಟಿದ ಸುಂಕದ ವಜಾ, ಸಿಗುತ್ತದೆ.

ಎರಡೂ ತೀರ್ಪು ಜಗಳವಾಡುವುದಿಲ್ಲ. ಅಲ್ಲಿ ಖರ್ಚಾದದ್ದು ಹೊರಗಿನಿಂದ ತಂದ ವಸ್ತು, ಕೇಳಿದ್ದು ಕ್ರೆಡಿಟ್. ಇಲ್ಲಿ ಖರ್ಚಾಗುತ್ತಿರುವುದು ನಿಮ್ಮದೇ ತಯಾರಾದ ಮಾಲು, ಕೇಳುತ್ತಿರುವುದು ಡ್ಯೂಟಿ. ವಕೀಲರ ಉತ್ತರದಲ್ಲಿ ಈ ತೀರ್ಪನ್ನು ಸಿಗರೇಟಿಗೆ ಅಂಟಿಸಿರುವುದು ಕಂಡರೆ ಆ ಪ್ಯಾರಾ ತೆಗೆಸಿ. ಅದರಿಂದ ಉಳಿದ ಒಳ್ಳೆಯ ವಾದಗಳ ತೂಕವೂ ಇಳಿಯುತ್ತದೆ.

---

ಕಂಟ್ರೋಲ್_ಸ್ಯಾಂಪಲ್ ಉತ್ತರ:

ಕಪಾಟಿನಲ್ಲಿ ಇಡುವ ಸ್ಯಾಂಪಲ್ ಬಗ್ಗೆ ಯಾರೂ ವಿವರವಾಗಿ ಹೇಳಿಲ್ಲ. ಔಷಧ ಕಾರ್ಖಾನೆಗಳಲ್ಲಿ ಜಿಎಸ್‌ಟಿ ಬರುವ ಮೊದಲು, 2017ರ ಜೂನ್ 30ರವರೆಗೆ, ಇದೇ ದೊಡ್ಡ ಜಗಳವಾಗಿತ್ತು, ಅಲ್ಲಿಂದ ಎರವಲು ತರಬಹುದು.

ಇಟ್ಟುಕೊಂಡದ್ದು ಅಂದರೆ ಇನ್ನೂ ಬಳಸಿಲ್ಲ, ತೆರವಾಗಿಲ್ಲ. ತಯಾರಿಕೆಯ ಜಾಗದಲ್ಲೇ ಇದೆ. ಹೊಣೆ ಹುಟ್ಟಿದೆ, ವಸೂಲಿಯ ಕ್ಷಣ ಬಂದಿಲ್ಲ. ಹೀಗಿರುವಾಗ ಅದು ಆರ್‌ಜಿ-1 ದಾಸ್ತಾನಿನಲ್ಲಿ ಉಳಿದಿರಬೇಕು. ಹೆಚ್ಚಿನವರು ಎಡವುವುದು ಇಲ್ಲಿ. ಡ್ಯೂಟಿ ಇಲ್ಲವಲ್ಲ ಅಂತ ದಾಸ್ತಾನಿನಿಂದ ಕಳೆದು ಬೇರೆ ಪುಸ್ತಕಕ್ಕೆ ಹಾಕುತ್ತಾರೆ. ದಾಸ್ತಾನಿನಿಂದ ಕಳೆದ ಆ ಸಾಲನ್ನೇ ತೋರಿಸಿ ಇದು ತೆರವು ಅನ್ನುತ್ತಾರೆ ಆಡಿಟ್‌ನವರು. ಮುಖ್ಯ ದಾಸ್ತಾನಿನೊಳಗೇ ಸ್ಯಾಂಪಲ್ ಕೊಠಡಿ ಅಂತ ಉಪಖಾತೆ ಮಾಡಿ.

12 ತಿಂಗಳಾದ ಮೇಲೆ ಏನು? ದೂರು ಬಂದು ಒಡೆದು ಪರೀಕ್ಷಿಸಿದರೆ ಆ ದಿನ ಡ್ಯೂಟಿ. ಏನೂ ಆಗದೆ ಅವಧಿ ಮುಗಿದರೆ ಎರಡು ದಾರಿ. ಡ್ಯೂಟಿ ಕಟ್ಟಿ ನಾಶ ಮಾಡಿ ಮುಗಿಸುವುದು. ಇಲ್ಲವೇ ಬಳಕೆಗೆ, ಮಾರಾಟಕ್ಕೆ ಯೋಗ್ಯವಲ್ಲ ಅಂತ ರೆಮಿಷನ್ (ಸುಂಕ ಮನ್ನಾ) ಕೇಳುವುದು, 2002ರ ನಿಯಮಗಳಲ್ಲಿ ಇದು 21ನೆಯದು. ಅದರಲ್ಲಿ ಸುಂಕ 10,000 ರೂಪಾಯಿವರೆಗೆ ಸೂಪರಿಂಟೆಂಡೆಂಟ್, 1 ಲಕ್ಷದವರೆಗೆ ಸಹಾಯಕ ಅಥವಾ ಉಪ ಆಯುಕ್ತರು, 5 ಲಕ್ಷದವರೆಗೆ ಜಂಟಿ ಅಥವಾ ಹೆಚ್ಚುವರಿ ಆಯುಕ್ತರು, ಅದರ ಮೇಲೆ ಆಯುಕ್ತರು. ಅರ್ಜಿ ಮೊದಲು, ಆದೇಶ ಆಮೇಲೆ, ನಾಶ ಕೊನೆಗೆ. ಮೊದಲೇ ಸುಟ್ಟು ಆಮೇಲೆ ಅರ್ಜಿ ಕೊಟ್ಟರೆ ಪರಿಶೀಲಿಸಲು ಮಾಲೇ ಇರುವುದಿಲ್ಲ, ಅರ್ಜಿ ಬೀಳುತ್ತದೆ. ರೆಮಿಷನ್ ಸಿಕ್ಕರೆ ಆ ಮಾಲಿನ ಇನ್‌ಪುಟ್ ಮೇಲಿನ ಸೆನ್‌ವ್ಯಾಟ್ ಕ್ರೆಡಿಟ್ ವಾಪಸು ಮಾಡಬೇಕು. 2007ರ ಸೆಪ್ಟೆಂಬರ್‌ನಲ್ಲಿ ಸೆನ್‌ವ್ಯಾಟ್ ಕ್ರೆಡಿಟ್ ನಿಯಮಗಳಿಗೆ ಸೇರಿದ 3(5ಸಿ) ಅದಕ್ಕೇ ಬಂದದ್ದು. ಸಣ್ಣ ಮೊತ್ತವಾದರೆ ಡ್ಯೂಟಿ ಕಟ್ಟಿ ಕೈತೊಳೆದುಕೊಳ್ಳುವುದೇ ಅಗ್ಗ, ಅರ್ಜಿಯ ಹಿಂದೆ ಓಡಾಡುವ ಖರ್ಚು ಅದಕ್ಕಿಂತ ಜಾಸ್ತಿ.

ಔಷಧದಲ್ಲಿ ಪ್ರಮಾಣ ಎಷ್ಟಾಗುತ್ತಿತ್ತು ಅನ್ನುವುದಕ್ಕೆ: 500 ಮಿಲಿಗ್ರಾಂ ತೂಕದ ಮಾತ್ರೆ ಹಿಡಿಯಿರಿ. ತೂಕದ ವ್ಯತ್ಯಾಸಕ್ಕೆ 20, ಅದನ್ನೇ ಪುಡಿ ಮಾಡಿ ಅಸ್ಸೆಗೆ (ಔಷಧಾಂಶ ಅಳೆಯಲು). ಡಿಸಲ್ಯೂಷನ್‌ಗೆ (ಔಷಧ ದ್ರವದಲ್ಲಿ ಬಿಡುಗಡೆಯಾಗುವ ಪರೀಕ್ಷೆಗೆ) 6, ಮೂರನೇ ಹಂತದವರೆಗೆ ಹೋದರೆ ಒಟ್ಟು 24. ಕರಗುವ ಸಮಯಕ್ಕೆ 6. ಕಂಟೆಂಟ್ ಯೂನಿಫಾರ್ಮಿಟಿಗೆ (ಮಾತ್ರೆ ಮಾತ್ರೆಗೂ ಔಷಧಾಂಶ ಸಮವೇ ಎಂದು ನೋಡಲು) 10, ಮುಂದುವರಿದರೆ 30. ಉದುರುವಿಕೆಗೆ 6.5 ಗ್ರಾಂ ಆಗುವಷ್ಟು, ಅಂದರೆ 13. ಸೂಕ್ಷ್ಮಾಣು ಮಿತಿಗೆ 10 ಗ್ರಾಂ, ಅಂದರೆ 20. ಎಲ್ಲ ಸೇರಿ 113. ಆಗ ಔಷಧ ನಿಯಮ ಕೇಳುತ್ತಿದ್ದದ್ದು ಒಮ್ಮೆಯ ಎಲ್ಲ ಪರೀಕ್ಷೆಗೆ ಬೇಕಾದದ್ದರ ಎರಡು ಪಟ್ಟು, ಅಂದರೆ 226, ಹತ್ತರ ಸ್ಟ್ರಿಪ್ಪಿನಲ್ಲಿ 23. ಎಕ್ಸ್‌ಪೈರಿ ಕಳೆದು ಮೂರು ತಿಂಗಳವರೆಗೆ ಇಡಬೇಕಿತ್ತು. ಹೀಗೆ ಲೆಕ್ಕ ಬಿಡಿಸಿ ತೋರಿಸಿದರೆ ಇಷ್ಟೊಂದು ಯಾಕೆ ಅನ್ನುವ ಪ್ರಶ್ನೆ ಏಳುವುದಿಲ್ಲ. ಸಿಗರೇಟಿಗೂ ಎರಡು ಪ್ಯಾಕೆಟ್ ಯಾಕೆ ಬೇಕು ಅನ್ನುವುದನ್ನು ಪರೀಕ್ಷೆಯ ಪಟ್ಟಿಯಿಂದಲೇ ತೋರಿಸಿ.

ಬೆಲೆಯ ಮೇಲೆ ಸುಂಕ ಇದ್ದ ಸರಕಿನ ಹಳೇ ಕೇಸು ಇನ್ನೂ ಟ್ರಿಬ್ಯೂನಲ್ಲಿನಲ್ಲಿ ಇರುವವರಿಗೆ: ಪರೀಕ್ಷೆಯ ಸ್ಯಾಂಪಲ್ ಚಿಲ್ಲರೆ ಮಾರಾಟಕ್ಕಲ್ಲ, ಆದ್ದರಿಂದ ಕಲಂ 4ಎ ಪ್ರಕಾರ ಎಂಆರ್‌ಪಿ ಹಿಡಿಯುವುದು ತಪ್ಪು. ಮೌಲ್ಯ ನಿಯಮ 8, ಅಂದರೆ ತಯಾರಿಕಾ ವೆಚ್ಚದ 110 ಶೇಕಡಾ, ಬೇರೆ ವಸ್ತುವಿನ ತಯಾರಿಕೆಯಲ್ಲಿ ಬಳಸಿದ್ದಕ್ಕೆ ಅಂತ ಬರೆದಿದೆ, ಪರೀಕ್ಷೆಗೆ ಅಕ್ಷರಶಃ ಕೂಡುವುದಿಲ್ಲ. ಉಚಿತ ಸ್ಯಾಂಪಲ್‌ಗೆ ನಿಯಮ 4 ಅಂತ 2005ರ ಏಪ್ರಿಲ್ 25ರ 813 ನಂಬರಿನ ಸುತ್ತೋಲೆ ಹೇಳಿದೆ, ಇಲಾಖೆ ಅದನ್ನೇ ಇದಕ್ಕೂ ಎಳೆಯುತ್ತದೆ. ಯಾವುದರಲ್ಲಿ ಎಷ್ಟು ಬರುತ್ತದೆ ಅಂತ ಎರಡೂ ಲೆಕ್ಕ ಹಾಕಿಟ್ಟುಕೊಂಡೇ ವಾದಕ್ಕೆ ಇಳಿಯಿರಿ.

---

ಜಿಎಸ್‌ಟಿ_ಡೆಸ್ಕ್ ಉತ್ತರ:

ಇದೇ ಸಿಗರೇಟಿಗೆ ಜಿಎಸ್‌ಟಿಯೂ ಇದೆ ಅನ್ನುವುದನ್ನು ಮರೆಯಬೇಡಿ. ಸುಟ್ಟ ಸ್ಯಾಂಪಲ್‌ಗೆ ಎಕ್ಸೈಸ್ ಉಂಟು, ಜಿಎಸ್‌ಟಿ ಇಲ್ಲ. ಜಿಎಸ್‌ಟಿಗೆ ಸರಬರಾಜು ಆಗಬೇಕು, ಇಲ್ಲಿ ಕೊಟ್ಟವರೂ ನೀವೇ, ಸುಟ್ಟವರೂ ನೀವೇ. ಸ್ಯಾಂಪಲ್ ಇನ್‌ವಾಯ್ಸಿನಲ್ಲಿ ಸಾಫ್ಟ್‌ವೇರ್ ತಾನಾಗಿ ಜಿಎಸ್‌ಟಿ ಸೇರಿಸಿದ್ದರೆ ಅದನ್ನು ಬೇರೆ ಸರಣಿಗೆ ಹಾಕಿ.

ತೊಡಕಿರುವುದು ಇನ್‌ಪುಟ್ ಕ್ರೆಡಿಟ್‌ನಲ್ಲಿ. ಕೇಂದ್ರ ಜಿಎಸ್‌ಟಿ ಕಾಯ್ದೆಯ ಕಲಂ 17(5)(ಎಚ್) ಪ್ರಕಾರ ಕಳೆದುಹೋದ, ನಾಶವಾದ, ಉಡುಗೊರೆ ಅಥವಾ ಉಚಿತ ಸ್ಯಾಂಪಲ್ ಆಗಿ ಕೊಟ್ಟ ಸರಕಿಗೆ ಕ್ರೆಡಿಟ್ ಇಲ್ಲ. 2019ರ ಮಾರ್ಚ್ 7ರ 92ನೇ ಸುತ್ತೋಲೆ ಉಚಿತ ಸ್ಯಾಂಪಲ್ ಬಗ್ಗೆ ಇದನ್ನೇ ಹೇಳುತ್ತದೆ. ಆದರೆ ಅದು ಹೊರಗಿನವರಿಗೆ ಹಂಚಿದ್ದರ ಮಾತು. ಲ್ಯಾಬಿನಲ್ಲಿ ಪರೀಕ್ಷೆಗೆ ಸುಟ್ಟದ್ದು ವ್ಯವಹಾರಕ್ಕಾಗಿ ಆದ ಬಳಕೆ, ನಾಶ ಅಲ್ಲ. ಅದಕ್ಕೆ ಕ್ರೆಡಿಟ್ ಬಿಡಬೇಕಾಗಿಲ್ಲ ಅನ್ನುವುದು ನನ್ನ ಓದು. ಕಪಾಟಿನಲ್ಲಿ ಅವಧಿ ಮುಗಿದು ಸುಟ್ಟುಹಾಕಿದ್ದು ಬೇರೆ, ಅಲ್ಲಿ ನಾಶ ಅನ್ನುವ ಪದ ನೇರ ಬೀಳುತ್ತದೆ. ಅದರ ಕ್ರೆಡಿಟ್ ವಾಪಸು ಮಾಡಿಬಿಡುವುದು ಕ್ಷೇಮ. ನಿಯಮ 56(2)ರ ದಾಸ್ತಾನು ಲೆಕ್ಕದಲ್ಲಿ ಎರಡನ್ನೂ ಒಂದೇ ಶೀರ್ಷಿಕೆಯಡಿ ಬರೆದರೆ ಈ ವ್ಯತ್ಯಾಸ ನೀವೇ ಅಳಿಸಿದಂತೆ.

ಹೊರಗಿನ ಲ್ಯಾಬಿಗೆ ಕಳಿಸುವುದಾದರೆ ಜಿಎಸ್‌ಟಿಗೆ ನಿಯಮ 55ರ ಡೆಲಿವರಿ ಚಲನ್ ಸಾಕು. ಸಿಗರೇಟಿಗೆ ಅದಷ್ಟೇ ಸಾಲದು, ಗೇಟು ದಾಟುತ್ತಿದೆ, ಎಕ್ಸೈಸ್ ಇನ್‌ವಾಯ್ಸ್ ಆಗಿ ಡ್ಯೂಟಿ ಕಟ್ಟಿರಬೇಕು.

---

ಟ್ಯಾಂಕ್_ಫಾರ್ಮ್ ಉತ್ತರ:

ಪೆಟ್ರೋಲ್, ಡೀಸೆಲ್ ಕಡೆಯವರಿಗೂ ಇದೇ ಕಾಯ್ದೆ. ಜಿಎಸ್‌ಟಿ ಬಂದ ಮೇಲೂ ಕಚ್ಚಾ ತೈಲ, ಪೆಟ್ರೋಲ್, ಡೀಸೆಲ್, ವಿಮಾನ ಇಂಧನ, ನೈಸರ್ಗಿಕ ಅನಿಲ, ಜೊತೆಗೆ ತಂಬಾಕು ಕೇಂದ್ರ ಎಕ್ಸೈಸ್‌ನಲ್ಲೇ ಉಳಿದವು. ಇಲ್ಲಿ ಅನುಕೂಲ ಏನೆಂದರೆ ಟ್ಯಾಂಕಿನ ಮೇಲೆ, ನಡು, ಕೆಳಗಿನ ಸ್ಯಾಂಪಲ್ಲಿನಲ್ಲಿ ನಿಜಕ್ಕೂ ಕಳೆಯುವುದು ಕಡಿಮೆ. ಡಿಸ್ಟಿಲೇಷನ್ ಪರೀಕ್ಷೆಗೆ 100 ಮಿಲಿಲೀಟರ್ ಸಾಕು, ಉಳಿದದ್ದು ಸ್ಲಾಪ್ ಟ್ಯಾಂಕಿಗೆ (ಉಳಿಕೆ ತೈಲ ಸೇರಿಸುವ ಟ್ಯಾಂಕಿಗೆ) ಹೋಗಿ ಮತ್ತೆ ಸಂಸ್ಕರಣೆಗೆ ಸೇರುತ್ತದೆ. ಆಕ್ಟೇನ್ ನೋಡುವ ಎಂಜಿನ್ ಮಾತ್ರ ಪೆಟ್ರೋಲನ್ನು ನಿಜವಾಗಿ ಸುಡುತ್ತದೆ, ಅದಕ್ಕೆ ಬೇರೆ ಇಶ್ಯೂ ರಿಜಿಸ್ಟರ್ ಇರಲಿ.

ಮದ್ಯದವರು ಈ ಚರ್ಚೆ ಓದಿ ಗೊಂದಲ ಮಾಡಿಕೊಳ್ಳಬೇಡಿ. ಅದು ರಾಜ್ಯ ಪಟ್ಟಿಯ 51ನೇ ಬಾಬತ್ತು, 1965ರ ಕರ್ನಾಟಕ ಅಬಕಾರಿ ಕಾಯ್ದೆ, ಅದರ ಡಿಸ್ಟಿಲರಿ, ಬ್ರೂವರಿ ನಿಯಮಗಳು ಬೇರೆಯೇ ಇವೆ. ಮೇಲಿನ ತೀರ್ಪನ್ನು ಅಲ್ಲಿಗೆ ಹಾಗೇ ಎತ್ತಿಡಲು ಬರುವುದಿಲ್ಲ.

---

ಶಿಫ್ಟ್_ಲೆಕ್ಕ ಬರೆದದ್ದು:

ಕೊನೆಯ ಪ್ರಶ್ನೆ. ಸುಡುವ ಸ್ಯಾಂಪಲ್ಲಿನ ಹಿಂದಿನ ಬಾಕಿಯನ್ನು ಶೋಕಾಸ್ ನೋಟಿಸ್ ಬರುವ ಮೊದಲೇ ಕಟ್ಟಿಬಿಟ್ಟರೆ? ಎಷ್ಟು ವರ್ಷ ಹಿಂದಕ್ಕೆ?

---

ಆರ್‌ಜಿ_ಒನ್ ಉತ್ತರ:

ಕಟ್ಟಿಬಿಡಿ, ಬಡ್ಡಿ ಸಮೇತ. ಅಬಕಾರಿ ಕಾಯ್ದೆಯ ಕಲಂ 11ಎ ಪ್ರಕಾರ ಸಾಮಾನ್ಯ ಅವಧಿ ಎರಡು ವರ್ಷ, 2016ರವರೆಗೆ ಒಂದೇ ವರ್ಷ ಇತ್ತು. ಮರೆಮಾಚಿದ್ದು, ಮೋಸ ಅಂತ ಆರೋಪ ಇದ್ದರೆ ಐದು ವರ್ಷ. ಬಡ್ಡಿ ವರ್ಷಕ್ಕೆ 15 ಶೇಕಡಾ. ಮರೆಮಾಚಿದ ಆರೋಪ ಇಲ್ಲದ ಪ್ರಕರಣದಲ್ಲಿ ಡ್ಯೂಟಿ, ಬಡ್ಡಿ ನೋಟಿಸಿಗೆ ಮೊದಲು ಅಥವಾ ನೋಟಿಸ್ ಬಂದ 30 ದಿನದೊಳಗೆ ಕಟ್ಟಿದರೆ ದಂಡ ಇಲ್ಲ. ಆರೋಪ ಇದ್ದರೆ ದಂಡ ಡ್ಯೂಟಿಯಷ್ಟೇ, 30 ದಿನದೊಳಗೆ ಎಲ್ಲ ಕಟ್ಟಿದರೆ ಅದರ 15 ಶೇಕಡಾ.

ಐದು ವರ್ಷದ ಮಾತಿಗೆ ಉತ್ತರ ನಿಮ್ಮ ಕಡತದಲ್ಲೇ ಇರಬಹುದು. ಸಿಗರೇಟು ಕಾರ್ಖಾನೆಯಲ್ಲಿ ಅಧಿಕಾರಿಯೇ ಸುಂಕ ನಿರ್ಧರಿಸಿ ಸಹಿ ಹಾಕುತ್ತಾರೆ. ಲ್ಯಾಬು ಇರುವುದು, ಸುಡುವುದು ಅವರಿಗೆ ಗೊತ್ತಿತ್ತು ಅನ್ನುವ ಹಳೇ ಪತ್ರ, ಲೇಔಟ್ ನಕ್ಷೆಯಲ್ಲಿ ಸ್ಮೋಕಿಂಗ್ ಲ್ಯಾಬ್ ಅಂತ ಗುರುತು, ಹಿಂದಿನ ಆಡಿಟ್ ರಿಪೋರ್ಟಿನಲ್ಲಿ ಇದನ್ನು ನೋಡಿಯೂ ಆಕ್ಷೇಪಿಸದ ಪ್ಯಾರಾ, ಇವನ್ನೆಲ್ಲ ಹುಡುಕಿ. ಒಂದು ಸಿಕ್ಕರೂ ಮರೆಮಾಚಿದ ವಾದ ಸಡಿಲಾಗುತ್ತದೆ.

ಕಟ್ಟುವಾಗ ಸುಡುವ ಸ್ಯಾಂಪಲ್ಲಿನದ್ದನ್ನು ಮಾತ್ರ, ತಿಂಗಳುವಾರು, ಉದ್ದದ ವರ್ಗವಾರು, ಕೊಟ್ಟ ದಿನದ ದರದಲ್ಲಿ. ಸೀಳಿದ್ದಕ್ಕೆ ಬೇರೆ ಪತ್ರ ಬರೆದು ಇದು ವಿವಾದದಲ್ಲಿದೆ ಅಂತ ಸ್ಪಷ್ಟ ಮಾಡಿ. ಒಂದೇ ಚಲನ್ನಿನಲ್ಲಿ ಎರಡನ್ನೂ ಸೇರಿಸಿದರೆ ಒಪ್ಪಿಕೊಂಡಂತೆ ಆಗುತ್ತದೆ. ಮುಂದೆ ಮೇಲ್ಮನವಿಗೆ ಹೋಗಬೇಕಾಗಿ ಬಂದರೆ ವಿವಾದದ ಡ್ಯೂಟಿಯ 7.5 ಶೇಕಡಾ ಮೊದಲ ಹಂತದಲ್ಲಿ, ಟ್ರಿಬ್ಯೂನಲ್ಲಿಗೆ ಎರಡನೇ ಮೇಲ್ಮನವಿಯಾದರೆ 10 ಶೇಕಡಾ ಮುಂಗಡ ಇಡಬೇಕು. 1,44,000ದ ಲೆಕ್ಕವನ್ನು ಯಂತ್ರದ ಲಾಗು ತೋರಿಸಿ ಈಗಲೇ ಇಳಿಸಿಕೊಂಡರೆ ಆ ಮುಂಗಡವೂ ಅಷ್ಟರಮಟ್ಟಿಗೆ ಇಳಿಯುತ್ತದೆ.